ಒಂದನೇ ಕ್ಲಾಸಿಗೆ ಎಲ್ಲಿ ಸೇರಿಸೋದು? ಊರಿನ ಸಣ್ಣ ನಲಿಕಲಿ ಶಾಲೆ, ಕೆಪಿಎಸ್ (ಕರ್ನಾಟಕ ಪಬ್ಲಿಕ್ ಶಾಲೆ), ಪೇಟೆಯ ಖಾಸಗಿ ಶಾಲೆ: ಒಂದು ಹೋಲಿಕೆ

ಮೇ ಕೊನೆಗೆ ಶಾಲೆ ಶುರುವಾಗುತ್ತದೆ. ಒಂದನೇ ಕ್ಲಾಸಿಗೆ ಸೇರುವ ಮಗು ಇರುವ ಮನೆಗಳಲ್ಲಿ ಅದಕ್ಕೆ ಎರಡು ತಿಂಗಳ ಮುಂಚಿನಿಂದಲೇ ದಿನಾ ಒಂದೇ ಮಾತು. ಊರ ಶಾಲೆಗೆ ಹಾಕೋದಾ, ಪೇಟೆಗೆ ಕಳಿಸೋದಾ? ಪಕ್ಕದ ಮನೆಯವರು ಪೇಟೆಗೆ ಕಳಿಸುತ್ತಾರಂತೆ. ಅಜ್ಜಿಗೆ ಮಗು ಹತ್ತಿರವೇ ಇರಲಿ ಅಂತ ಆಸೆ. ಅಪ್ಪನಿಗೆ ಇಂಗ್ಲಿಷ್‌ನ ಚಿಂತೆ, ಅಮ್ಮನಿಗೆ ವ್ಯಾನಿನ ಚಿಂತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದರಿಂದ ಐದನೇ ಕ್ಲಾಸಿನವರೆಗಿನ ಮಾತು ಇದು. ಮನೆ ಹತ್ತಿರ ಸಣ್ಣ ಸರ್ಕಾರಿ ಶಾಲೆ ಇದ್ದು, ಅಲ್ಲಿ ಕನಿಷ್ಠ ಇಬ್ಬರು ಟೀಚರ್ ಇದ್ದು, ನಲಿಕಲಿ (ಮೂರು ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ನಿಜವಾಗಿ ನಡೆಯುತ್ತಿದ್ದರೆ, ಆ ವಯಸ್ಸಿನ ಮಗುವಿಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮಂಥ ಊರುಗಳಲ್ಲಿ ಸಿಗುವುದು ಕಷ್ಟ. ಆದರೆ ಈ ಮೂರೂ ಇರಬೇಕು. ಒಂದು ಇಲ್ಲದಿದ್ದರೂ ನನ್ನ ಉತ್ತರ ಬದಲಾಗುತ್ತದೆ.

ನಮ್ಮದು ಮಲೆನಾಡಿನ ಒಂದು ಹಳ್ಳಿ. ನನ್ನ ಮಗಳು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಳೆ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಾನೂ ಇದ್ದೇನೆ. ಯಾವ ಕಡೆ ನಿಂತು ಬರೆಯುತ್ತಿದ್ದೇನೆ ಅನ್ನೋದು ನಿಮಗೆ ಗೊತ್ತಿರಲಿ ಅಂತ ಹೇಳಿದೆ. ಹಾಗಂತ ಸರ್ಕಾರಿ ಶಾಲೆಗಳೆಲ್ಲ ಒಳ್ಳೆಯವು ಅಂತ ಹೇಳಲು ಕೂತಿಲ್ಲ. ಎಷ್ಟೋ ಶಾಲೆಗಳು ಹಾಗಿಲ್ಲ. ಯಾವುದು ಒಳ್ಳೆಯದು, ಅದನ್ನು ಕಂಡುಹಿಡಿಯೋದು ಹೇಗೆ ಅನ್ನೋದೇ ಇಲ್ಲಿನ ವಿಷಯ.

ನಲಿಕಲಿ ಕೋಣೆಯಲ್ಲಿ ಏನು ನಡೆಯುತ್ತದೆ

ತುಂಬಾ ಜನ ಅಪ್ಪ ಅಮ್ಮಂದಿರು ನಲಿಕಲಿ ಅಂದರೆ ಹಾಡು, ಕುಣಿತ, ಆಟ ಅಂದುಕೊಂಡಿದ್ದಾರೆ. "ಅಲ್ಲಿ ಬರೀ ಆಡಿಸ್ತಾರೆ, ಓದಿಸಲ್ಲ" ಅನ್ನೋ ಮಾತು ಎಲ್ಲ ಕಡೆ ಇದೆ. ಒಂದು ಬೆಳಿಗ್ಗೆ ಹೋಗಿ ಕೂತು ನೋಡಿದರೆ ಆ ಮಾತು ನಿಲ್ಲುತ್ತದೆ.

ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಸಾಲು ಬೆಂಚು ಇರುವುದಿಲ್ಲ. ಮಕ್ಕಳು ನೆಲದ ಮೇಲೆ ಅಥವಾ ಪುಟ್ಟ ಮೇಜಿನ ಸುತ್ತ ಗುಂಪಾಗಿ ಕೂತಿರುತ್ತಾರೆ. ತಲೆಯ ಮೇಲೆ ದಾರದ ಚಪ್ಪರ. ಅದರಲ್ಲಿ ಮಕ್ಕಳೇ ಬರೆದ ಚಿತ್ರ, ಕಾಗದದ ಹಕ್ಕಿ ತೂಗುತ್ತಿರುತ್ತವೆ. ಗೋಡೆಯ ಕೆಳಭಾಗಕ್ಕೆ, ಆರು ವರ್ಷದ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ, ಕಪ್ಪು ಬಣ್ಣ ಬಳಿದು ಹಲಗೆ ಮಾಡಿರುತ್ತಾರೆ. ಅದರಲ್ಲಿ ಪ್ರತಿ ಮಗುವಿಗೂ ತನ್ನದೇ ಒಂದು ಜಾಗ ಇರುತ್ತದೆ.

ಗೋಡೆಯಲ್ಲಿ ಕಲಿಕಾ ಏಣಿ ಇರುತ್ತದೆ. ಕಲಿಯಬೇಕಾದ್ದನ್ನೆಲ್ಲ ಚಿಕ್ಕ ಚಿಕ್ಕ ಮೈಲಿಗಲ್ಲುಗಳಾಗಿ ಒಡೆದು ಅದರಲ್ಲಿ ಮೇಲಕ್ಕೆ ಜೋಡಿಸಿರುತ್ತಾರೆ. ಒಂದೊಂದು ಮೈಲಿಗಲ್ಲಿಗೂ ಒಂದಷ್ಟು ಕಾರ್ಡುಗಳು. ಕಾರ್ಡಿನ ಮೇಲೆ ಒಂದು ಪುಟ್ಟ ಗುರುತಿನ ಚಿತ್ರ. ಆ ಗುರುತು ನೋಡಿದ ತಕ್ಷಣ ಯಾವ ತಟ್ಟೆಗೆ ಹೋಗಿ ಕೂರಬೇಕು ಅಂತ ಮಗುವಿಗೆ ಗೊತ್ತಾಗುತ್ತದೆ. ಗುಂಪಿಗೆ ಅಲ್ಲಿ ತಟ್ಟೆ ಅಂತಲೇ ಹೆಸರು. ಹೊಸದನ್ನು ಕಲಿಯುವ ಮಗು ಟೀಚರ್ ಕೂತಿರುವ ತಟ್ಟೆಗೆ ಹೋಗುತ್ತದೆ. ಸ್ವಲ್ಪ ಗೊತ್ತಾದ ಮೇಲೆ ಗೆಳೆಯರ ಸಹಾಯ ಇರುವ ತಟ್ಟೆಗೆ ಬರುತ್ತದೆ. ಪೂರ್ತಿ ಬಂದ ಮೇಲೆ ಸ್ವಕಲಿಕೆಯ ತಟ್ಟೆ. ಟೀಚರ್ ಮೂವತ್ತು ಮಕ್ಕಳಿಗೆ ಒಂದೇ ಪಾಠ ಕೂಗಿ ಹೇಳುವುದಿಲ್ಲ. ಆ ಹೊತ್ತಿಗೆ ನಿಜವಾಗಿ ಅವರ ಅಗತ್ಯ ಇರುವ ನಾಲ್ಕೈದು ಮಕ್ಕಳ ಜೊತೆ ಕೂತಿರುತ್ತಾರೆ.

ನಾನು ನೋಡಿದ ಒಂದು ಸಂಗತಿ ಹೇಳುತ್ತೇನೆ. ಎರಡನೇ ಕ್ಲಾಸಿನ ಒಬ್ಬ ಹುಡುಗ. ಜ್ವರ ಬಂದು, ಆಮೇಲೆ ಅಜ್ಜಿ ಮನೆಗೆ ಹೋಗಿ, ಬಹಳ ದಿನ ಶಾಲೆಗೆ ಬಂದಿರಲಿಲ್ಲ. ಬಂದವನೇ ಗೋಡೆ ಹತ್ತಿರ ಹೋದ. ಯಾವ ಮಗು ಎಲ್ಲಿವರೆಗೆ ಕಲಿತಿದೆ ಅಂತ ತೋರಿಸುವ ಪ್ರಗತಿ ನೋಟದ ಪಟ್ಟಿಯಲ್ಲಿ ತನ್ನ ಹೆಸರು ಹುಡುಕಿದ. ಬೆರಳಿಟ್ಟು ಸಾಲು ಹಿಡಿದು ಹೋಗಿ, ತಾನು ಬಿಟ್ಟ ಜಾಗ ಕಂಡುಕೊಂಡ. ಕಾರ್ಡು ತೆಗೆದುಕೊಂಡು ಒಬ್ಬ ಮೂರನೇ ಕ್ಲಾಸಿನ ಹುಡುಗಿಯ ಪಕ್ಕ ಕೂತ. ಅವಳು ಒಂದು ಸಲ ಓದಿ ತೋರಿಸಿದಳು. ಅವನು ಶುರು ಮಾಡಿದ. "ಇಷ್ಟು ದಿನ ಎಲ್ಲಿದ್ದೆ, ಪಾಠ ಎಲ್ಲ ಮುಗೀತು" ಅಂತ ಯಾರೂ ಹೇಳಲಿಲ್ಲ. ಬಿಟ್ಟಲ್ಲಿಂದಲೇ ಮುಂದುವರಿಯುವುದು ಇಲ್ಲಿನ ಪದ್ಧತಿ. ಅಡಿಕೆ ಸುಗ್ಗಿ, ಮಳೆ, ಜ್ವರ, ನೆಂಟರ ಮದುವೆ ಅಂತ ಮಕ್ಕಳು ಶಾಲೆ ತಪ್ಪಿಸುವ ಊರಿನಲ್ಲಿ ಇದರ ಬೆಲೆ ದೊಡ್ಡದು.

ಅಕ್ಷರ ಕಲಿಸುವ ಕ್ರಮವೂ ಬೇರೆ. ಅ, ಆ, ಇ, ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ ಇವು ಮೊದಲು ಬರುತ್ತವೆ. ಯಾಕೆ ಅಂದರೆ ಇಷ್ಟೇ ಅಕ್ಷರ ಬಂದರೂ ಮಗು ಸರ, ದರ, ಅಗಸ, ಅರಸ, ಗರಗಸ ಅಂತ ಓದಬಹುದು, ಬರೆಯಬಹುದು. ಆಮೇಲೆ ಜ, ವ, ಮ, ಬ, ನ. ಒಂದನೇ ಕ್ಲಾಸಿಗೆ ಸೇರಿದ ಮಗು ಮಳೆಗಾಲ ಮುಗಿಯುವುದರೊಳಗೆ ತಾನೇ ಪದ ಕಟ್ಟಿ ಓದುವುದನ್ನು ನೋಡುವುದು ಬಹಳ ಖುಷಿಯ ವಿಷಯ. ನನ್ನ ಮಗಳು ಬಸ್ಸಿನ ಬೋರ್ಡ್, ಅಂಗಡಿ ಬೋರ್ಡ್, ಗೊಬ್ಬರದ ಚೀಲ ಒಂದನ್ನೂ ಬಿಡುತ್ತಿರಲಿಲ್ಲ. ವರ್ಣಮಾಲೆ ಕ್ರಮವಾಗಿ ಹೇಳು ಅಂದರೆ ತಡವರಿಸುತ್ತಿದ್ದಳು. ಅಜ್ಜನಿಗೆ ಅದೊಂದು ಬೇಜಾರು. ಅದೂ ಆಮೇಲೆ ತಾನಾಗಿ ಬಂತು.

ಈ ಪದ್ಧತಿ ಎಲ್ಲಿಂದ ಬಂತು ಅನ್ನೋದೂ ಗೊತ್ತಿರಬೇಕು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿ ಶಾಲೆಯವರು ಸುತ್ತಲಿನ ಹಳ್ಳಿಗಳಲ್ಲಿ ಒಬ್ಬ ಟೀಚರ್, ಹಲವು ಕ್ಲಾಸು ಇರುವ ಪುಟ್ಟ ಶಾಲೆಗಳನ್ನು ನಡೆಸುತ್ತಿದ್ದರು. ಅಲ್ಲಿ ಏಣಿ ಮತ್ತು ಕಾರ್ಡಿನ ಪದ್ಧತಿ ಬೆಳೆಯಿತು. ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಟೀಚರ್‌ಗಳು ಅದನ್ನು ಹೋಗಿ ನೋಡಿಕೊಂಡು ಬಂದರು. 1995ರಲ್ಲಿ ಯುನಿಸೆಫ್ ಬೆಂಬಲದೊಂದಿಗೆ ತಮ್ಮ ಶಾಲೆಗಳಲ್ಲಿ ಶುರು ಮಾಡಿದರು. ಕಾರ್ಡು, ಹಾಡು, ಆಟ ಎಲ್ಲವನ್ನೂ ಅವರೇ ಕೂತು ತಯಾರು ಮಾಡಿದರು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ಕ್ಲಾಸುಗಳಿಗೆಲ್ಲ ಅದು ಬಂತು.

ಈಗ ಬೆಂಗಳೂರಿನ ಕಡೆ ನೋಡಿ. ಕನಕಪುರ ರಸ್ತೆಯ ವ್ಯಾಲಿ ಸ್ಕೂಲ್ 1978ರಲ್ಲಿ ಶುರುವಾಯಿತು. ಮಾಗಡಿ ಕಡೆ ಇರುವ ಸೆಂಟರ್ ಫಾರ್ ಲರ್ನಿಂಗ್ 1990ರದ್ದು. ಇಂಥ ಪರ್ಯಾಯ ಶಾಲೆಗಳಿಗೆ ಮಕ್ಕಳನ್ನು ಸೇರಿಸುವ ಅಪ್ಪ ಅಮ್ಮಂದಿರು ಹುಡುಕುವುದು ಏನನ್ನು? ಸಣ್ಣ ಶಾಲೆ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕಲಿಯುವುದು. ತನ್ನ ವೇಗದಲ್ಲಿ ಕಲಿಯುವ ಅವಕಾಶ. ರ‍್ಯಾಂಕಿನ ಭಯ ಇಲ್ಲದಿರುವುದು. ಇದೇ ಆಲೋಚನೆ ಕಾಸಿಲ್ಲದೆ ನಮ್ಮೂರ ಹೆಂಚಿನ ಶಾಲೆಯೊಳಗೂ ಇದೆ. ಅದನ್ನು ಹಳ್ಳಿಯವರಿಗೆ ಯಾರೂ ಕೂರಿಸಿ ಹೇಳಿಲ್ಲ. ಟೈ ಇಲ್ಲ, ಬೆಂಚಿಲ್ಲ, ಅದಕ್ಕೇ ಇದು ಬಡವರ ಶಾಲೆ ಅಂತ ಅಂದುಕೊಂಡು ಮಕ್ಕಳನ್ನು ಬಿಡಿಸಿಕೊಂಡು ಹೋದೆವು. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಸಣ್ಣದಾಗಿರುವುದರ ಲಾಭ

ಕಡಿಮೆ ಮಕ್ಕಳಿದ್ದಾರೆ ಅನ್ನುವುದನ್ನು ಎಲ್ಲರೂ ಕೊರತೆ ಅಂತ ಹೇಳುತ್ತಾರೆ. ಆರು ವರ್ಷದ ಮಗುವಿನ ಕಡೆಯಿಂದ ನೋಡಿ. ಟೀಚರ್‌ಗೆ ಅದರ ಹೆಸರು ಗೊತ್ತು, ಅಮ್ಮನ ಹೆಸರು ಗೊತ್ತು, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾರೆ ಅಂತ ಗೊತ್ತು. ತುಳು, ಲಂಬಾಣಿ, ಉರ್ದು ಮಾತಾಡುವ ಮನೆಯಿಂದ ಬಂದ ಮಗುವಿಗೆ ಮೊದಲ ಆರು ತಿಂಗಳು ಇದು ತುಂಬಾ ಮುಖ್ಯ. ಓದಲು ಬಾರದ ಮಗು ಹಿಂದಿನ ಬೆಂಚಿನಲ್ಲಿ ಅಡಗಿಕೊಳ್ಳಲು ಇಲ್ಲಿ ಹಿಂದಿನ ಬೆಂಚೇ ಇಲ್ಲ.

ಊಟದ ವಿಷಯವನ್ನು ಯಾರೂ ಹೋಲಿಕೆಗೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕು. ಬೆಳಿಗ್ಗೆ ಏಳಕ್ಕೆ ಡಬ್ಬಿಗೆ ತುಂಬಿದ ಚಿತ್ರಾನ್ನವನ್ನು ಮಧ್ಯಾಹ್ನ ಒಂದಕ್ಕೆ ತಿನ್ನುವ ಮಗು ಒಂದು ಕಡೆ. ಅಲ್ಲೇ ಬೇಯಿಸಿದ ಬಿಸಿ ಅನ್ನ ಸಾಂಬಾರು ತಿನ್ನುವ ಮಗು ಇನ್ನೊಂದು ಕಡೆ. ಕ್ಷೀರಭಾಗ್ಯದ ಹಾಲು 2013ರಿಂದ ಇದೆ. ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಅದು ವಾರಕ್ಕೆ ಆರು ದಿನ ಆಯಿತು. ಸಣ್ಣ ಶಾಲೆಯಲ್ಲಿ ಅಡುಗೆಯವರು ಊರಿನವರೇ. ಯಾವ ಮಗು ತಟ್ಟೆಯಲ್ಲಿ ಬಿಡುತ್ತದೆ, ಯಾವುದು ಮನೆಯಲ್ಲಿ ಏನೂ ತಿನ್ನದೆ ಬಂದಿದೆ ಅಂತ ಅವರಿಗೆ ಮುಖ ನೋಡಿದರೆ ತಿಳಿಯುತ್ತದೆ. ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಅದೂ ಒಂದು ಪಾಠ ಅಂತ ನಾನು ನಂಬಿದ್ದೇನೆ.

ಇನ್ನೊಂದು, ನಮ್ಮ ಮಾತು ನಡೆಯುತ್ತದೆ. 2001ರಿಂದ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಇದೆ. ಅದರ ಸದಸ್ಯರು ಅಲ್ಲೇ ಓದುವ ಮಕ್ಕಳ ಪೋಷಕರು. ದೊಡ್ಡ ಶಾಲೆಯಲ್ಲಿ ಅದು ರಾಜಕೀಯದ ಕುರ್ಚಿ ಆಗುವುದೂ ಉಂಟು. ಸಣ್ಣ ಊರಿನಲ್ಲಿ ಹತ್ತು ಮನೆಯವರು ಒಂದಾದರೆ ಕೆಲಸ ಆಗುತ್ತದೆ. ಮಳೆಗಾಲದ ಮೊದಲು ಹೆಂಚು ಕೈಯಾಡಿಸುವುದು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುವಂತೆ ಮಾಡುವುದು, ಟೀಚರ್ ಹುದ್ದೆ ಖಾಲಿ ಬಿದ್ದಾಗ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಅತಿಥಿ ಶಿಕ್ಷಕರನ್ನು ಕೇಳುವುದು. ಖಾಸಗಿ ಶಾಲೆಯಲ್ಲಿ ಫೀಸು ಕಟ್ಟುವವರಿಗೆ ಗೇಟಿನ ಒಳಗೆ ಬರಲೂ ಎಷ್ಟೋ ಕಡೆ ಅಪ್ಪಣೆ ಬೇಕು.

ಇಂಗ್ಲಿಷ್

ಮೊದಲು ನಮ್ಮ ಮನೆಯಲ್ಲೂ ಬಂದ ಪ್ರಶ್ನೆ ಇದೇ. ಅತ್ತಿಗೆ ಕೇಳಿದರು, "ನಾಳೆ ಪಿಯುಸಿಗೆ ಸೈನ್ಸ್ ತಗೊಂಡ್ರೆ ಏನ್ ಮಾಡ್ತಾಳೆ? ಎಲ್ಲ ಇಂಗ್ಲಿಷಲ್ಲೇ ಇರುತ್ತಲ್ವಾ?" ಇದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ. ಅವರ ಅಣ್ಣ ಅಲ್ಲೇ ಎಡವಿ ಓದು ಬಿಟ್ಟಿದ್ದರು.

ಮೊದಲು ಕೆಲವು ಸಂಗತಿ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು. ಆಮೇಲೆ ಇನ್ನಷ್ಟು ಶಾಲೆಗಳಿಗೆ ಬಂತು. ಕನ್ನಡವೂ ಇಂಗ್ಲಿಷೂ ಎರಡೂ ಇರುವ ಪಠ್ಯಪುಸ್ತಕಗಳೂ ಬಂದಿವೆ. ನಿಮ್ಮ ಶಾಲೆಯಲ್ಲಿ ಆ ವಿಭಾಗ ಇದೆಯಾ, ಇದ್ದರೆ ಅದಕ್ಕೆ ತರಬೇತಿ ಆದ ಟೀಚರ್ ಇದ್ದಾರಾ ಅಂತ ವಿಚಾರಿಸಿ. ಟೀಚರ್ ಇಲ್ಲದೆ ಬೋರ್ಡು ಮಾತ್ರ ಇದ್ದರೆ ಕನ್ನಡ ಮಾಧ್ಯಮವೇ ವಾಸಿ.

ಕೊರತೆಯನ್ನೂ ಹೇಳಬೇಕು. ಸಣ್ಣ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾತಾಡುವ ಅಭ್ಯಾಸ ಕಡಿಮೆ. ಎಷ್ಟೋ ಟೀಚರ್‌ಗಳಿಗೇ ಧೈರ್ಯ ಇಲ್ಲ. ಐದನೇ ಕ್ಲಾಸು ಮುಗಿಸಿದ ಮಗು ಇಂಗ್ಲಿಷ್ ಪುಸ್ತಕ ಎದುರಿಟ್ಟರೆ ಹಿಂಜರಿಯುತ್ತದೆ.

ಆದರೆ ಪೇಟೆಯ ಇಂಗ್ಲಿಷ್ ಮೀಡಿಯಂನಲ್ಲಿ ಇಂಗ್ಲಿಷ್ ಬರುತ್ತದಾ? ಇಲ್ಲಿಯೇ ನಾವು ಪರೀಕ್ಷೆ ಮಾಡುವುದಿಲ್ಲ. ನಮ್ಮ ನೆಂಟರ ಮಗ ಅಂಥ ಒಂದು ಶಾಲೆಯ ಮೂರನೇ ಕ್ಲಾಸಿನಲ್ಲಿದ್ದ. ನೋಟ್ಸು ಮುತ್ತಿನಂತೆ ಬರೆದಿದ್ದ. ಗಿಡದ ಭಾಗಗಳ ಬಗ್ಗೆ ಐದು ಪ್ರಶ್ನೆ, ಐದು ಉತ್ತರ, ಎಲ್ಲ ಇಂಗ್ಲಿಷಿನಲ್ಲಿ. ಅದರಲ್ಲಿ ಏನು ಬರೆದಿದೆ ಅಂತ ಕನ್ನಡದಲ್ಲಿ ಕೇಳಿದರೂ ಹೇಳಲು ಬರಲಿಲ್ಲ. ಹಿತ್ತಲಲ್ಲಿ ನಿಂತ ಗಿಡದ ಬೇರು, ಕಾಂಡ ತೋರಿಸು ಅಂದರೂ ಗೊತ್ತಾಗಲಿಲ್ಲ. ಬುದ್ಧಿವಂತ ಹುಡುಗ. ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೇ.

ಹಾಗಾಗಿ ಎರಡೂ ಕಡೆಯ ಮಕ್ಕಳಿಗೆ ಒಂದೇ ಪರೀಕ್ಷೆ ಕೊಡಿ. ಮೂರನೇ ಕ್ಲಾಸಿನ ಮಗುವಿಗೆ ಅದು ಹಿಂದೆ ನೋಡಿಲ್ಲದ ಒಂದು ಪುಟ ಕೊಡಿ, ಶಾಲೆಯ ಭಾಷೆಯಲ್ಲಿ. ಓದಿಸಿ. ಪುಟ ಮುಚ್ಚಿ, ಏನಿತ್ತು ಅಂತ ಅದಕ್ಕೆ ಇಷ್ಟ ಬಂದ ಭಾಷೆಯಲ್ಲಿ ಹೇಳಲು ಬಿಡಿ. ಯಾವ ಶಾಲೆಯ ಮಕ್ಕಳು ಹೇಳುತ್ತಾರೋ ಆ ಶಾಲೆಯಲ್ಲಿ ಓದು ನಡೆಯುತ್ತಿದೆ. ಒಂದು ಭಾಷೆಯಲ್ಲಿ ಓದಿ ಅರ್ಥಮಾಡಿಕೊಳ್ಳುವ ಮಗು ಎರಡನೆಯದಕ್ಕೆ ಹೋಗಬಲ್ಲದು. ಯಾವುದರಲ್ಲೂ ಅರ್ಥವಾಗದ ಮಗುವಿಗೆ ಪಿಯುಸಿ ಇರಲಿ, ಏಳನೇ ಕ್ಲಾಸೇ ಕಷ್ಟ.

ಅತ್ತಿಗೆಗೆ ನಾನು ಹೇಳಿದ್ದು ಇದನ್ನೇ. ಜೊತೆಗೆ, ಮೂರನೇ ಕ್ಲಾಸಿನಿಂದ ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಇಂಗ್ಲಿಷ್ ಕಥೆ ಪುಸ್ತಕ ಓದಿಸುತ್ತೇವೆ ಅಂತ ಮಾತು ಕೊಟ್ಟೆ. ಅದನ್ನು ನಡೆಸುತ್ತಿದ್ದೇವೆ. ಸಣ್ಣ ಸರ್ಕಾರಿ ಶಾಲೆ ಆರಿಸುವವರು ಈ ಕೆಲಸ ಮನೆಯಲ್ಲಿ ಮಾಡಲೇಬೇಕು. ಮನೆಯಲ್ಲಿ ಯಾರಿಗೂ ಆಗದಿದ್ದರೆ ಊರಿನ ಕಾಲೇಜು ಹುಡುಗಿಯನ್ನೋ ಹುಡುಗನನ್ನೋ ಕೇಳಿ.

ಯಾವ ಮಾಧ್ಯಮ ಅನ್ನೋದು ಕೊನೆಗೂ ನಿಮ್ಮ ಕೈಯಲ್ಲೇ ಇದೆ. ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಅಂತ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇರೆ ಯಾರೂ ನಮಗಾಗಿ ತೀರ್ಮಾನ ಮಾಡುವುದಿಲ್ಲ ಅಂದಮೇಲೆ ನಾವೇ ಸರಿಯಾಗಿ ನೋಡಬೇಕು.

ಪೇಟೆಯ ಖಾಸಗಿ ಶಾಲೆ

ಖಾಸಗಿ ಶಾಲೆಯಲ್ಲಿ ಒಂದು ನಂಬಿಕೆ ಇದೆ, ಅದು ಸುಳ್ಳಲ್ಲ. ಟೀಚರ್ ದಿನಾ ಬರುತ್ತಾರೆ. ಜನಗಣತಿ, ಚುನಾವಣೆ, ಸಮೀಕ್ಷೆ ಅಂತ ಹೋಗುವುದಿಲ್ಲ. ಒಂದೊಂದು ಕ್ಲಾಸಿಗೆ ಒಂದೊಂದು ಕೋಣೆ, ಒಬ್ಬೊಬ್ಬ ಟೀಚರ್. ಎಲ್‌ಕೆಜಿಯಿಂದಲೇ ಮಗು ಒಂದೇ ಕಡೆ ಇರುತ್ತದೆ. ಅಪ್ಪ ಅಮ್ಮ ಇಬ್ಬರೂ ಪೇಟೆಯಲ್ಲಿ ಕೆಲಸಕ್ಕೆ ಹೋಗುವವರಾದರೆ ಜೊತೆಗೆ ಕರೆದುಕೊಂಡು ಹೋಗಿ ಬರಬಹುದು. ಅವರಿಗೆ ಅದೇ ಸರಿ.

ಹಳ್ಳಿಯಲ್ಲಿರುವವರು ಎರಡು ಲೆಕ್ಕ ಹಾಕಬೇಕು. ಒಂದು ದುಡ್ಡಿನದು. ಶಾಲೆಯವರು ಹೇಳುವ ಫೀಸನ್ನು ಮಾತ್ರ ಬರೆದುಕೊಳ್ಳಬೇಡಿ. ವ್ಯಾನು, ಅವರೇ ಕೊಡುವ ಪುಸ್ತಕ, ಎರಡು ಜೊತೆ ಯೂನಿಫಾರ್ಮ್, ಶೂ, ವಾರ್ಷಿಕೋತ್ಸವದ ಬಟ್ಟೆ, ಮನೆಯಲ್ಲಿ ಹೋಮ್‌ವರ್ಕ್ ಮಾಡಿಸಲು ಬಾರದೆ ಹಾಕುವ ಟ್ಯೂಷನ್ ಎಲ್ಲ ಸೇರಿಸಿ. ಐದು ವರ್ಷಕ್ಕೆ ಗುಣಿಸಿ. ಆ ದುಡ್ಡು ಹೈಸ್ಕೂಲಿಗೆ, ಪಿಯುಸಿಗೆ ಉಳಿದರೆ ಏನಾಗಬಹುದು ಅಂತ ಒಂದು ಸಂಜೆ ಕೂತು ಮಾತಾಡಿ. ಸಾಲ ಮಾಡಿ ಒಂದನೇ ಕ್ಲಾಸು ಓದಿಸಿ, ನಿಜವಾಗಿ ದುಡ್ಡು ಬೇಕಾದಾಗ ಕೈ ಖಾಲಿಯಾದ ಮನೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಇನ್ನೊಂದು ಹೊತ್ತಿನ ಲೆಕ್ಕ. ವ್ಯಾನು ಎಲ್ಲ ಮನೆ ಸುತ್ತಿ ಹೋಗುತ್ತದೆ. ಹದಿನೈದು ಕಿಲೋಮೀಟರ್ ದೂರದ ಪೇಟೆಗೆ ಮಗು ಮನೆಯಿಂದ ಏಳೂವರೆಗೆ ಹೊರಡಬೇಕು. ವಾಪಸ್ ಬರುವುದು ಐದಕ್ಕೆ. ಜುಲೈ ಮಳೆಯಲ್ಲಿ, ಕತ್ತಲೆ ಕವಿದ ಬೆಳಿಗ್ಗೆಯಲ್ಲಿ, ಆರು ವರ್ಷದ ಮಗು ಅರ್ಧ ನಿದ್ದೆಯಲ್ಲಿ ವ್ಯಾನು ಹತ್ತುತ್ತದೆ. ಆಟಕ್ಕೆ ಹೊತ್ತಿಲ್ಲ. ಹಳ್ಳಕ್ಕೆ, ತೋಟಕ್ಕೆ, ಕೊಟ್ಟಿಗೆಗೆ ಹೊತ್ತಿಲ್ಲ. ಒಂದರಿಂದ ಐದನೇ ಕ್ಲಾಸಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನೋದು ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ಚಿಕ್ಕ ಮಗುವಿನ ಕಾಲಳತೆ ಗೊತ್ತಿದ್ದವರು ಮಾಡಿದ ಲೆಕ್ಕ ಅದು.

ಬೋರ್ಡಿನ ಮೇಲೆ ಇಂಟರ್‌ನ್ಯಾಷನಲ್ ಅಂತ ಇದ್ದ ಮಾತ್ರಕ್ಕೆ ಸಿಲಬಸ್ ಬೇರೆ ಇರುವುದಿಲ್ಲ. ಸಿಬಿಎಸ್‌ಇ ಅಂತ ಹೇಳಿದರೆ ಅಫಿಲಿಯೇಷನ್ ನಂಬರ್ ಕೇಳಿ, ಸಿಬಿಎಸ್‌ಇ ವೆಬ್‌ಸೈಟಿನಲ್ಲಿ ನೋಡಿ. ರಾಜ್ಯ ಸಿಲಬಸ್ ಕಲಿಸುತ್ತಾ ಸಿಬಿಎಸ್‌ಇ ಹೆಸರು ಹೇಳುವವರಿದ್ದಾರೆ.

ಕೆಪಿಎಸ್

ಕರ್ನಾಟಕ ಪಬ್ಲಿಕ್ ಶಾಲೆ ಅಂದರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಯುವ ಸರ್ಕಾರಿ ಶಾಲೆ. ಇಂಗ್ಲಿಷ್ ಮಾಧ್ಯಮದ ವಿಭಾಗ ಇರುತ್ತದೆ. ಆಟದ ಮೈದಾನ, ಲ್ಯಾಬು, ಬೇರೆ ಬೇರೆ ವಿಷಯಕ್ಕೆ ಬೇರೆ ಬೇರೆ ಟೀಚರ್. ಬೇಡಿಕೆ ಜಾಸ್ತಿ ಆಗಿ ಸೀಟಿಗೆ ಲಾಟರಿ ಎತ್ತಿದ ಕಡೆಗಳೂ ಇವೆ. ನಿಮ್ಮ ಮನೆಯಿಂದ ನಡೆದು ಹೋಗುವ ದೂರದಲ್ಲಿ ಕೆಪಿಎಸ್ ಇದ್ದರೆ ನೀವು ಅದೃಷ್ಟವಂತರು, ಖಂಡಿತ ಹೋಗಿ ನೋಡಿ.

ದೂರ ಇದ್ದರೆ ನಾನು ಐದನೇ ಕ್ಲಾಸಿನವರೆಗೆ ಕಾಯುತ್ತೇನೆ. ಲ್ಯಾಬು, ವಿಷಯವಾರು ಟೀಚರ್ ಇವೆಲ್ಲ ಆರನೇ ಕ್ಲಾಸಿನಿಂದ ಉಪಯೋಗಕ್ಕೆ ಬರುವಂಥವು. ಒಂದನೇ ಕ್ಲಾಸಿನ ಮಗುವಿಗೆ ಬೇಕಾದ್ದು ಪಕ್ಕದಲ್ಲಿ ಕೂರುವ ಟೀಚರ್. ದೊಡ್ಡ ಶಾಲೆಯ ಕೆಳಗಿನ ಕ್ಲಾಸುಗಳು ಕಿಕ್ಕಿರಿದಿದ್ದರೆ ಅಲ್ಲಿ ಅದು ಸಿಗುವುದಿಲ್ಲ.

ಸುತ್ತಲಿನ ಸಣ್ಣ ಶಾಲೆಗಳನ್ನು ಕೆಪಿಎಸ್‌ಗೆ ಸೇರಿಸುವ ವಿಚಾರದಲ್ಲಿ ಹಲವು ಕಡೆ ಪೋಷಕರು ವಿರೋಧ ಮಾಡಿದ್ದಾರೆ. ನನ್ನ ಮನಸ್ಸು ಅವರ ಕಡೆಗೇ ಇದೆ. ಎರಡೂ ಇರಲಿ. ಕೆಳಗಿನ ಕ್ಲಾಸು ಊರಲ್ಲಿ, ಮೇಲಿನದು ಕೆಪಿಎಸ್‌ನಲ್ಲಿ. ಸಣ್ಣ ಶಾಲೆ ಒಂದು ಸಲ ಮುಚ್ಚಿದರೆ ಮತ್ತೆ ತೆರೆಸುವುದು ಸುಲಭದ ಮಾತಲ್ಲ.

ಸಣ್ಣ ಶಾಲೆ ಯಾವಾಗ ಬೇಡ

ಒಬ್ಬರೇ ಟೀಚರ್ ಇದ್ದರೆ ಯೋಚಿಸಿ. ಅರವತ್ತು ಮಕ್ಕಳವರೆಗೆ ಇಬ್ಬರು ಟೀಚರ್ ಅಂತ ಕಾಯ್ದೆ ಹೇಳುತ್ತದೆ. ಆದರೆ ಒಬ್ಬರು ವರ್ಗವಾಗಿ ಹೋಗಿರುತ್ತಾರೆ, ಅಥವಾ ನಿಯೋಜನೆಯ ಮೇಲೆ ಬೇರೆ ಶಾಲೆಯಲ್ಲಿರುತ್ತಾರೆ. ಉಳಿದ ಒಬ್ಬರಿಗೆ ಮೀಟಿಂಗು, ತರಬೇತಿ, ಊಟದ ಲೆಕ್ಕ, ಆನ್‌ಲೈನ್ ದಾಖಲೆ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಟೀಚರ್‌ಗಳನ್ನು ಕಳಿಸಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಿದ್ದು ನಿಮಗೆ ನೆನಪಿರಬೇಕು. ಆ ದಿನಗಳಲ್ಲಿ ಖಾಸಗಿ ಶಾಲೆಯ ಮಕ್ಕಳು ಪಾಠ ಕೇಳುತ್ತಿದ್ದರು. ಇದು ನಮ್ಮ ಮಕ್ಕಳಿಗೆ ಆಗುವ ಅನ್ಯಾಯ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನಲಿಕಲಿ ಬರೀ ಗೋಡೆಯ ಮೇಲಿದ್ದರೆ ಬೇಡ. ಕಾರ್ಡುಗಳು ಬೀರುವಿನಲ್ಲಿ ಹೊಸದಾಗಿಯೇ ಇವೆ. ಏಣಿಯ ಬಣ್ಣ ಮಾಸಿದೆ. ಎಲ್ಲ ಮಕ್ಕಳೂ ಬೋರ್ಡು ನೋಡಿ ಒಂದೇ ಸಾಲು ಬರೆಯುತ್ತಿದ್ದಾರೆ. ಹೀಗಿದ್ದರೆ ಅಲ್ಲಿ ಮೂರು ಕ್ಲಾಸನ್ನು ಒಂದು ಕೋಣೆಗೆ ತುಂಬಿದ್ದಾರೆ, ಅಷ್ಟೇ. ಕಾರ್ಡಿನ ಅಂಚು ಸವೆದಿರಬೇಕು, ಮೂಲೆ ಮಡಚಿರಬೇಕು. ಅದು ಒಳ್ಳೆಯ ಲಕ್ಷಣ.

ಇಡೀ ಶಾಲೆಯಲ್ಲಿ ನಾಲ್ಕೈದೇ ಮಕ್ಕಳಿದ್ದು, ನಿಮ್ಮ ಮಗುವಿನ ವಯಸ್ಸಿನವರು ಒಬ್ಬರೂ ಇಲ್ಲದಿದ್ದರೆ ಅದೂ ಕಷ್ಟ. ಮಗುವಿಗೆ ಜಗಳ ಆಡಲೂ ಒಬ್ಬ ಜೊತೆಗಾರ ಬೇಕು. ಪಕ್ಕದ ಮನೆಯವರನ್ನೂ ಮಾತಾಡಿಸಿ. ಇಬ್ಬರು ಮೂವರು ಒಟ್ಟಿಗೆ ಸೇರಿಸಿದರೆ ಶಾಲೆಯ ಸ್ಥಿತಿಯೇ ಬದಲಾಗುತ್ತದೆ. ನಮ್ಮೂರಿನಲ್ಲಿ ಹೀಗೇ ಆಯಿತು.

ಕಿವಿ ಕೇಳಿಸದ, ಮಾತು ತಡವಾದ, ಬೇರೆ ಬಗೆಯ ನೆರವು ಬೇಕಾದ ಮಗುವಿದ್ದರೆ ಸಣ್ಣ ಶಾಲೆಯ ಪ್ರೀತಿ ಒಂದೇ ಸಾಲದು. ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಟೀಚರ್ ಇರುತ್ತಾರೆ. ಬಿಆರ್‌ಸಿಗೆ (ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ) ಹೋಗಿ ಅವರು ನಿಮ್ಮ ಶಾಲೆಗೆ ಎಷ್ಟು ಸಲ ಬರಬಲ್ಲರು ಅಂತ ಮೊದಲೇ ಕೇಳಿಕೊಳ್ಳಿ.

ಇನ್ನೂ ಒಂದು ವಿಷಯ ಪೋಷಕರಿಗೆ ತಡವಾಗಿ ಗೊತ್ತಾಗುತ್ತದೆ. ನಲಿಕಲಿ ಇರುವುದು ಮೂರನೇ ಕ್ಲಾಸಿನವರೆಗೆ ಮಾತ್ರ. ನಾಲ್ಕಕ್ಕೆ ಹೋದ ಕೂಡಲೇ ಪಠ್ಯಪುಸ್ತಕ, ಪಾಠ, ಪ್ರಶ್ನೋತ್ತರ. ತನ್ನ ವೇಗದಲ್ಲಿ ಹೋಗುತ್ತಿದ್ದ ಮಗು ಇಲ್ಲಿ ಕಂಗಾಲಾಗಬಹುದು. ನನ್ನ ಮಗಳಿಗೂ ನಾಲ್ಕನೇ ಕ್ಲಾಸಿನ ಮೊದಲ ಕೆಲವು ತಿಂಗಳು ಕಷ್ಟವೇ ಆಯಿತು. ಒಳ್ಳೆಯ ಟೀಚರ್ ಮೂರನೇ ಕ್ಲಾಸಿನ ಕೊನೆಯಿಂದಲೇ ಪುಸ್ತಕ ಹಿಡಿಸಿ ಅಭ್ಯಾಸ ಮಾಡಿಸುತ್ತಾರೆ. ನಿಮ್ಮ ಶಾಲೆಯಲ್ಲಿ ಹೇಗೆ ಮಾಡುತ್ತಾರೆ ಅಂತ ಕೇಳಿ.

ಹೋಗಿ ನೋಡುವಾಗ

ಏಪ್ರಿಲ್ ಮೇನಲ್ಲಿ ಹೋದರೆ ಖಾಲಿ ಕಟ್ಟಡ ಕಾಣುತ್ತದೆ. ಜನವರಿ ಫೆಬ್ರವರಿಯಲ್ಲಿ, ಶಾಲೆ ನಡೆಯುವಾಗ ಹೋಗಿ. ಮುಖ್ಯ ಶಿಕ್ಷಕರ ಕೋಣೆಯಲ್ಲಿ ಕೂತು ಬರಬೇಡಿ. ನಲಿಕಲಿ ಕೋಣೆಯ ಮೂಲೆಯಲ್ಲಿ ಒಂದು ಗಂಟೆ ಕೂರಲು ಕೇಳಿ. ಒಳ್ಳೆಯ ಟೀಚರ್ "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಾರೆ. ಒಂದು ಮಗುವನ್ನು ಕರೆದು "ನೀನು ಏಣಿಯಲ್ಲಿ ಎಲ್ಲಿದ್ದೀಯ?" ಅಂತ ಕೇಳಿ. ಅದು ಓಡಿಹೋಗಿ ಬೆರಳಿಟ್ಟು ತೋರಿಸಿದರೆ ನಲಿಕಲಿ ನಡೆಯುತ್ತಿದೆ ಅಂತ ತಿಳಿಯಿರಿ.

ಟೀಚರ್ ಎಷ್ಟು ವರ್ಷದಿಂದ ಇದ್ದಾರೆ, ವರ್ಗಾವಣೆ ಹತ್ತಿರ ಇದೆಯಾ ಅಂತಲೂ ಕೇಳಿ. ಸಣ್ಣ ಶಾಲೆಯಲ್ಲಿ ಒಬ್ಬ ಟೀಚರ್ ಬದಲಾದರೆ ಇಡೀ ಶಾಲೆಯೇ ಬದಲಾದ ಹಾಗೆ. ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ನೋಡಿ. ಊಟದ ಹೊತ್ತಿನವರೆಗೆ ಇದ್ದು ಬನ್ನಿ. ಖಾಸಗಿ ಶಾಲೆಯಲ್ಲೂ ಇದನ್ನೇ ಕೇಳಿ. ಕ್ಲಾಸಿನಲ್ಲಿ ಕೂರ ಬಿಡುವುದಿಲ್ಲ ಅಂದರೆ ಯಾಕೆ ಅಂತ ಯೋಚಿಸಿ.

ಐದರ ನಂತರ

ಈಗ ಮಾಡುವ ಆಯ್ಕೆ ಹತ್ತನೇ ಕ್ಲಾಸಿನವರೆಗಿನ ಆಯ್ಕೆ ಅಲ್ಲ. ಇದು ಗೊತ್ತಿದ್ದರೆ ಎದೆ ಹಗುರ ಆಗುತ್ತದೆ. ಆರನೇ ಕ್ಲಾಸಿಗೆ ಹೊಸ ದಾರಿಗಳು ತೆರೆಯುತ್ತವೆ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಇಂಗ್ಲಿಷ್ ಮಾಧ್ಯಮದ ಆದರ್ಶ ವಿದ್ಯಾಲಯ. ಮೂರಕ್ಕೂ ಐದನೇ ಕ್ಲಾಸಿನಲ್ಲಿರುವಾಗ ಪರೀಕ್ಷೆ ಬರೆಯಬೇಕು. ನವೋದಯದಲ್ಲಿ ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಮೂರು, ನಾಲ್ಕು, ಐದನೇ ಕ್ಲಾಸನ್ನು ಹಳ್ಳಿಯಲ್ಲಿ ಓದಿರಬೇಕು. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಪೇಟೆ ಶಾಲೆಗೆ ಕಳಿಸಿದರೆ ಈ ಗ್ರಾಮೀಣ ಸೀಟು ಕೈತಪ್ಪುತ್ತದೆ.

ಸಿಇಟಿಯಲ್ಲೂ ಹೀಗೇ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಹತ್ತೂ ವರ್ಷ ಬೇಕು ಅನ್ನೋದನ್ನು ಮರೆಯಬೇಡಿ. ಆರನೇ ಕ್ಲಾಸಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಕನ್ನಡ ಮಾಧ್ಯಮದ ಶೇ 5 ಸಿಗುವುದಿಲ್ಲ. ಶಾಲೆ ಹಳ್ಳಿಯಲ್ಲೇ ಇದ್ದರೆ ಗ್ರಾಮೀಣದ್ದು ಉಳಿಯುತ್ತದೆ.

ಸೇರಿಸುವಾಗ ವಯಸ್ಸು ನೋಡಿಕೊಳ್ಳಿ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋದು ನಿಯಮ. 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದ್ದರು. ಜನನ ಪ್ರಮಾಣಪತ್ರ, ಆಧಾರ್ ತೆಗೆದುಕೊಂಡು ಹೋಗಿ. ಜನನ ಪ್ರಮಾಣಪತ್ರದಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಒಂದೇ ಇರಲಿ. ಬೇರೆ ಇದ್ದರೆ ಶಾಲೆಗೆ ಸೇರಿಸುವ ಮೊದಲೇ ತಿದ್ದಿಸಿ. ಸೇರಿಸಿದ ಮೇಲೆ ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಶಾಲೆ ಬದಲಾಯಿಸುವಾಗ ಟಿಸಿ ಜೊತೆ ಅದನ್ನೇ ಕೇಳುತ್ತಾರೆ.